ನೈಟ್ ಡ್ಯೂಟಿಯ ನರ್ಸ್‌ಗಳಿಗೆ: ಯಾವ ರೋಸ್ಟರ್, ಯಾವ ಹೊತ್ತಿನ ನಿದ್ದೆ, ಯಾವ ಊಟ?

ನೈಟ್ ಡ್ಯೂಟಿ ಮೈಗೆ ಒಗ್ಗುವುದಿಲ್ಲ ಅಂತ ಯಾವ ನರ್ಸ್‌ಗೂ ಹೇಳಿಕೊಡಬೇಕಿಲ್ಲ. ಹುಬ್ಬಳ್ಳಿಯ ಕಿಮ್ಸ್ ಇರಲಿ, ಸತ್ತೂರಿನ ಎಸ್‌ಡಿಎಂ ಇರಲಿ, ಗದಗ, ಹಾವೇರಿಯ ಜಿಲ್ಲಾ ಆಸ್ಪತ್ರೆ ಇರಲಿ, ಓಣಿ ಮೂಲೆಯ ಸಣ್ಣ ನರ್ಸಿಂಗ್ ಹೋಂ ಇರಲಿ, ರಾತ್ರಿ ಯಾರಾದರೂ ಎದ್ದಿರಲೇಬೇಕು. ಎದ್ದಿರುವವರಿಗೆ ಆಯ್ಕೆಗಳು ಕಡಿಮೆ ಅನಿಸುತ್ತದೆ. ಆದರೆ ಇವೆ. ಎಷ್ಟು ರಾತ್ರಿ ಒಟ್ಟಿಗೆ ಮಾಡಬೇಕು, ಮನೆಗೆ ಬಂದ ಮೇಲೆ ಯಾವಾಗ ಮಲಗಬೇಕು, ನಡುರಾತ್ರಿ ಏನು ತಿನ್ನಬೇಕು, ಬೆಳಿಗ್ಗೆ ಹೇಗೆ ಮನೆ ಸೇರಬೇಕು, ಇವೆಲ್ಲದರಲ್ಲೂ ಎರಡು ಮೂರು ದಾರಿಗಳಿವೆ. ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದುವುದಿಲ್ಲ.

ನಾನು ವಾರ್ಡ್‌ನಲ್ಲಿ ವರ್ಷಗಟ್ಟಲೆ ನೈಟ್ ಮಾಡಿದವಳು. ಈಗ ರೋಸ್ಟರ್, ಅಂದರೆ ಯಾರಿಗೆ ಯಾವ ಡ್ಯೂಟಿ ಅನ್ನುವ ಪಟ್ಟಿ, ಹಾಕುವ ಕೆಲಸವೂ ನನ್ನದೇ. ಎರಡೂ ಕಡೆಯಿಂದ ನೋಡಿ, ಆಯ್ಕೆ ಮಾಡುವಾಗ ನಾನು ಕೇಳುವ ಪ್ರಶ್ನೆ ಒಂದೇ: ಇದರಿಂದ ದಿನಕ್ಕೆ ಒಂದು ಸಲವಾದರೂ ನಾಲ್ಕೈದು ತಾಸು ತುಂಡಾಗದ ನಿದ್ದೆ ಸಿಗುತ್ತದೆಯೇ? ಸಿಗುವುದಾದರೆ ಅದು ಒಳ್ಳೆಯ ಆಯ್ಕೆ. ಸಿಗದಿದ್ದರೆ ಭತ್ಯೆ ಎಷ್ಟೇ ಇರಲಿ, ಅನುಕೂಲ ಎಷ್ಟೇ ಇರಲಿ, ಕೊನೆಗೆ ಮೈ ಅದರ ಬೆಲೆ ಕೊಡುತ್ತದೆ.

ಮೊದಲು ಮೈಯೊಳಗೆ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ನೋಡೋಣ. ಮಿದುಳಿನಲ್ಲಿ ಒಂದು ಗಡಿಯಾರ ಇದೆ. ಅದು ಬೆಳಕನ್ನು ನೋಡಿ ಹೊತ್ತು ಹೊಂದಿಸಿಕೊಳ್ಳುತ್ತದೆ. ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಅಂತ ಕಂಡುಹಿಡಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ಕತ್ತಲಾದಾಗ ನಿದ್ದೆಗೆ ಮೈಯನ್ನು ಸಜ್ಜು ಮಾಡುವ ಮೆಲಟೋನಿನ್ ಎಂಬ ಹಾರ್ಮೋನು ಏರುತ್ತದೆ, ಬೆಳಗಿನ ಜಾವ ಮೈ ಬಿಸಿ ತೀರಾ ಇಳಿಯುತ್ತದೆ. ಮೂರರಿಂದ ಐದು ಗಂಟೆವರೆಗೆ ಚಾರ್ಟ್ ಮೇಲಿನ ಅಕ್ಷರ ಕಣ್ಣ ಮುಂದೆ ತೇಲುವುದು ಅದಕ್ಕೇ. ಅದು ಸೋಮಾರಿತನ ಅಲ್ಲ. ಇನ್ನು ಹಗಲು ಮಲಗಿದರೆ ಗಡಿಯಾರ "ಏಳು" ಅಂತ ಹೇಳುತ್ತಲೇ ಇರುತ್ತದೆ. ಎಷ್ಟೇ ದಣಿದಿದ್ದರೂ ಹಗಲಿನ ನಿದ್ದೆ ರಾತ್ರಿಯ ನಿದ್ದೆಗಿಂತ ಒಂದರಿಂದ ನಾಲ್ಕು ತಾಸು ಕಡಿಮೆಯಾಗುವುದು ಸಾಮಾನ್ಯ.

ಇದು ವರ್ಷಗಟ್ಟಲೆ ನಡೆದರೆ ಏನಾಗುತ್ತದೆ ಅಂತ ನಮ್ಮ ಸ್ಟಾಫ್ ರೂಮಿನಲ್ಲೇ ನೋಡಬಹುದು. ಆಸಿಡಿಟಿ, ಹೊಟ್ಟೆ ಸುತ್ತ ಬೊಜ್ಜು, ಏರುವ ಬಿಪಿ, ಗಡಿ ದಾಟುವ ಶುಗರ್, ಏರುಪೇರಾಗುವ ಮುಟ್ಟು, ಕಾರಣವಿಲ್ಲದ ಸಿಟ್ಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2007ರಲ್ಲಿ ಗಡಿಯಾರ ಕೆಡಿಸುವ ಪಾಳಿ ಕೆಲಸವನ್ನು 'ಬಹುಶಃ ಕ್ಯಾನ್ಸರ್ ತರಬಲ್ಲದ್ದು' ಎಂಬ ಗುಂಪಿಗೆ ಸೇರಿಸಿತು. 2019ರಲ್ಲಿ ಮತ್ತೆ ಪರಿಶೀಲಿಸಿ, ರಾತ್ರಿ ಪಾಳಿ ಎಂದೇ ಹೆಸರಿಸಿ, ಅದೇ ಗುಂಪಿನಲ್ಲಿ ಇಟ್ಟಿತು. ಇದನ್ನು ಓದಿ ಹೆದರಬೇಡಿ. ನೈಟ್ ಮಾಡಿದವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಅಂತ ಇದರ ಅರ್ಥ ಅಲ್ಲ. ಅಪಾಯವನ್ನು ಕಡೆಗಣಿಸಬೇಡಿ ಅಂತ ಅರ್ಥ.

ರೋಸ್ಟರ್: ಕಾಯಂ ನೈಟ್, ವಾರದ ನೈಟ್, ಎರಡು ಮೂರು ನೈಟ್

ನಮ್ಮ ಕಡೆ ಅನೇಕ ಆಸ್ಪತ್ರೆಗಳಲ್ಲಿ ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ 8, ರಾತ್ರಿ 8ರಿಂದ ಬೆಳಿಗ್ಗೆ 8. ಅಂದರೆ ನೈಟ್ ಒಂದೇ ಹನ್ನೆರಡು ತಾಸು. ಇದನ್ನು ಹಂಚುವ ರೀತಿ ಮಾತ್ರ ಒಂದೊಂದು ಕಡೆ ಒಂದೊಂದು.

ಕಾಯಂ ನೈಟ್ ಬೇಕು ಅಂತ ಕೇಳಿಕೊಂಡು ಬರುವವರು ಇದ್ದಾರೆ. ಹಗಲು ಮಕ್ಕಳನ್ನು ನೋಡಿಕೊಳ್ಳಬಹುದು, ಒಂದೇ ಹೊತ್ತು ಇದ್ದರೆ ಮೈ ಹೊಂದಿಕೊಳ್ಳುತ್ತದೆ ಅನ್ನುವುದು ಅವರ ಲೆಕ್ಕ. ಈ ಲೆಕ್ಕದ ಎರಡನೇ ಭಾಗ ಬಹಳ ಮಂದಿಗೆ ಕೂಡುವುದಿಲ್ಲ. ವರ್ಷಾನುಗಟ್ಟಲೆ ರಾತ್ರಿ ಕೆಲಸ ಮಾಡಿದವರಲ್ಲೂ ಗಡಿಯಾರ ಪೂರ್ತಿ ತಿರುಗುವುದು ತೀರಾ ಕೆಲವರಿಗೆ ಮಾತ್ರ. ತಿರುಗಬೇಕಾದರೆ ರಜೆಯ ದಿನವೂ ರಾತ್ರಿ ಎದ್ದು ಹಗಲು ಮಲಗಬೇಕು. ಆಫ್ ಇದ್ದ ದಿನ ತವರಿಗೆ ಹೋಗಬೇಕು, ಮದುವೆಗೆ ಹೋಗಬೇಕು, ಮಕ್ಕಳ ಶಾಲೆಗೆ ಹೋಗಬೇಕು. ಯಾರ ಮನೆಯಲ್ಲಿ ಇದು ಸಾಧ್ಯ ಹೇಳಿ? ಕಾಯಂ ನೈಟ್ ಯಾರಿಗೆ ಹೊಂದಬಹುದು ಅಂದರೆ, ಮೊದಲಿನಿಂದಲೂ ರಾತ್ರಿ ತಡವಾಗಿ ಮಲಗುವ ಮೈಗುಣದವರಿಗೆ, ಮನೆಯಲ್ಲಿ ಹಗಲು ಕೋಣೆ ಖಾಲಿ ಸಿಗುವವರಿಗೆ, ಮತ್ತು ಬಿಪಿ, ಶುಗರ್ ಇಲ್ಲದವರಿಗೆ. ಹಗಲು ಮಕ್ಕಳನ್ನು ನೋಡಿಕೊಳ್ಳಲು ಅಂತ ತೆಗೆದುಕೊಳ್ಳುವುದಾದರೆ ಒಂದು ಮಾತು ಕೇಳುತ್ತೇನೆ. ಮಕ್ಕಳನ್ನು ನೋಡಿಕೊಳ್ಳುವ ಹೊತ್ತಿನಲ್ಲಿ ನೀವು ಮಲಗುವುದು ಯಾವಾಗ?

ಏಳು ರಾತ್ರಿ, ಹದಿನೈದು ರಾತ್ರಿ ಒಟ್ಟಿಗೆ ಹಾಕುವುದು ಎರಡನೇ ರೀತಿ. ರೋಸ್ಟರ್ ಹಾಕುವವರಿಗೆ ಇದು ಸುಲಭ, ಅದಕ್ಕೇ ಜಾಸ್ತಿ ಕಡೆ ಇದೇ ನಡೆಯುತ್ತದೆ. ನನ್ನ ಮಟ್ಟಿಗೆ ಮೂರರಲ್ಲಿ ಇದೇ ಕೆಟ್ಟದ್ದು. ಮೂರನೇ ನಾಲ್ಕನೇ ರಾತ್ರಿಗೆ ನಿದ್ದೆಯ ಸಾಲ ಏರುತ್ತಾ ಹೋಗುತ್ತದೆ. ಗಡಿಯಾರ ಅರ್ಧ ತಿರುಗಿರುತ್ತದೆ, ಅಷ್ಟರಲ್ಲಿ ಮತ್ತೆ ಬೆಳಗಿನ ಡ್ಯೂಟಿ ಬರುತ್ತದೆ. ಇತ್ತ ರಾತ್ರಿಗೂ ಹೊಂದಲಿಲ್ಲ, ಅತ್ತ ಹಗಲಿಗೂ ಇಲ್ಲ.

ಮೂರನೆಯದು ಎರಡು ಅಥವಾ ಮೂರು ರಾತ್ರಿ, ಆಮೇಲೆ ಎರಡು ದಿನ ಆಫ್. ಇದರಲ್ಲಿ ಗಡಿಯಾರ ತಿರುಗುವುದೇ ಇಲ್ಲ, ಹಗಲಿನ ಲೆಕ್ಕದಲ್ಲೇ ಉಳಿಯುತ್ತದೆ. ಆ ಎರಡು ಮೂರು ರಾತ್ರಿ ಕಷ್ಟ ಆಗುತ್ತದೆ, ಆದರೆ ಸಾಲ ದೊಡ್ಡದಾಗುವ ಮೊದಲೇ ತೀರಿಸಬಹುದು. ಬಹಳ ಮಂದಿಗೆ ಇದೇ ಸರಿ ಅಂತ ನಾನು ಹೇಳುತ್ತೇನೆ. ಎಂದೂ ಸ್ಥಿರ ವೇಳಾಪಟ್ಟಿ ಇರುವುದಿಲ್ಲ, ಮನೆಯವರಿಗೆ ಇವತ್ತು ಯಾವ ಡ್ಯೂಟಿ ಅಂತಲೇ ಗೊತ್ತಾಗುವುದಿಲ್ಲ ಅನ್ನುವುದು ಇದರ ತೊಂದರೆ. ರೋಸ್ಟರ್‌ನ ಫೋಟೋ ಅಡುಗೆಮನೆಯಲ್ಲಿ ಅಂಟಿಸಿದರೆ ಅರ್ಧ ಗೊಂದಲ ಹೋಗುತ್ತದೆ.

ಇದಕ್ಕೆ ಒಂದು ಅಪವಾದ ಇದೆ. ಅಣ್ಣಿಗೇರಿ, ಗದಗದಿಂದ, ಅಥವಾ ಕುಂದಗೋಳ, ಯಲವಿಗಿ ಕಡೆಯಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಬಂದು ಹೋಗುವವರು. ಇವರಿಗೆ ಡ್ಯೂಟಿ ಒಂದು ಸಲ ಹೆಚ್ಚಾದರೆ ಎರಡು ಮೂರು ತಾಸು ದಾರಿಯಲ್ಲೇ ಹೋಗುತ್ತದೆ. ಕಡಿಮೆ ದಿನ, ಉದ್ದ ಡ್ಯೂಟಿ ಇವರಿಗೆ ಅನುಕೂಲ. ಆದರೂ ಒಟ್ಟಿಗೆ ನಾಲ್ಕಕ್ಕಿಂತ ಜಾಸ್ತಿ ಬೇಡ.

ರಾತ್ರಿಗಳ ಎಣಿಕೆಯಷ್ಟೇ ಮುಖ್ಯವಾದದ್ದು ಯಾವುದರ ಮುಂದೆ ಯಾವುದು ಅನ್ನುವುದು. ಬೆಳಿಗ್ಗೆ, ಆಮೇಲೆ ಮಧ್ಯಾಹ್ನ, ಆಮೇಲೆ ರಾತ್ರಿ, ಹೀಗೆ ಮುಂದಕ್ಕೆ ಹೋಗುವುದು ಮೈಗೆ ಹಗುರ. ಮನುಷ್ಯನ ಗಡಿಯಾರ 24 ತಾಸಿಗಿಂತ ಸ್ವಲ್ಪ ಉದ್ದ, ಹಾಗಾಗಿ ತಡವಾಗಿ ಮಲಗುವುದು ಬೇಗ ಮಲಗುವುದಕ್ಕಿಂತ ಸುಲಭ. ರಾತ್ರಿ, ಮಧ್ಯಾಹ್ನ, ಬೆಳಿಗ್ಗೆ ಅಂತ ಹಿಂದಕ್ಕೆ ಹೋದರೆ ಡ್ಯೂಟಿಗಳ ನಡುವಿನ ಬಿಡುವೂ ಕಡಿಮೆಯಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ನೈಟ್ ಮುಗಿಸಿದವರನ್ನು ಅದೇ ದಿನ ಮಧ್ಯಾಹ್ನ ಎರಡಕ್ಕೆ ಕರೆಸುವುದಂತೂ ಯಾವ ಕಾರಣಕ್ಕೂ ಒಪ್ಪುವಂಥದ್ದಲ್ಲ. ಎರಡು ಡ್ಯೂಟಿ ನಡುವೆ ಹನ್ನೊಂದು ತಾಸಾದರೂ ಬಿಡುವು ಇರಬೇಕು. ಇಷ್ಟನ್ನು ಕೇಳಲು ಒಬ್ಬರೇ ಹೋಗಬೇಡಿ. ವಾರ್ಡ್‌ನವರೆಲ್ಲ ಸೇರಿ, ಒಂದು ತಿಂಗಳ ರೋಸ್ಟರ್ ನೀವೇ ಬರೆದುಕೊಂಡು, ಇನ್‌ಚಾರ್ಜ್ ಸಿಸ್ಟರ್ ಮುಂದೆ ಇಡಿ. ಬರೆದು ತಂದ ರೋಸ್ಟರ್ ನನ್ನ ಟೇಬಲ್ ಮೇಲೆ ಬಂದಾಗ ನಾನು ಬೇಡ ಅಂದದ್ದು ಕಡಿಮೆ. ಸುಮ್ನೆ ಬೇಸರ ಹೇಳಿಕೊಂಡು ಬಂದವರಿಗೆ ಏನು ಮಾಡಿಕೊಡಬೇಕು ಅಂತ ಎಷ್ಟೋ ಸಲ ನನಗೆ ತೋಚುವುದೇ ಇಲ್ಲ.

ಮನೆಗೆ ಬಂದ ಮೇಲೆ: ಈಗಲೇ ಮಲಗುವುದೋ, ಎರಡು ಸಲ ಮಲಗುವುದೋ, ಮಧ್ಯಾಹ್ನ ಮಲಗುವುದೋ

ಇದೇ ಎಲ್ಲಕ್ಕಿಂತ ದೊಡ್ಡ ಆಯ್ಕೆ. ಇಲ್ಲಿ ರೋಸ್ಟರ್‌ಗಿಂತ ನಿಮ್ಮ ಮನೆಯೇ ಮುಖ್ಯ.

ಬಂದ ಕೂಡಲೇ, ಅಂದರೆ ಒಂಬತ್ತು ಒಂಬತ್ತೂವರೆಗೆ ಮಲಗಿ ಎರಡು ಮೂರಕ್ಕೆ ಏಳುವುದು ಒಂದು ರೀತಿ. ದಣಿವು ಇದ್ದಾಗಲೇ ಮಲಗುವುದರಿಂದ ನಿದ್ದೆ ಬೇಗ ಹತ್ತುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇದೊಂದೇ ದಾರಿ ಅನ್ನಬಹುದು. ಗದಗದ ಬಿಸಿಲಿನಲ್ಲಿ ಆರ್‌ಸಿಸಿ ಚಾವಣಿಯ ಕೆಳಗೆ ಮಧ್ಯಾಹ್ನ ಎರಡರ ಮೇಲೆ ಮಲಗಿದರೆ ಬೆವರಿನಲ್ಲೇ ಎಚ್ಚರವಾಗುತ್ತದೆ. ಆದರೆ ಬೆಳಗಿನ ಹೊತ್ತೇ ಓಣಿಯ ಗದ್ದಲದ ಹೊತ್ತು. ಕಸದ ಗಾಡಿ ಹಾಡು ಹಾಕಿಕೊಂಡು ಬರುತ್ತದೆ, ಟಂಟಂನಲ್ಲಿ ಉಳ್ಳಾಗಡ್ಡಿಯವನು ಮೈಕು ಹಾಕಿಕೊಂಡು ಬರುತ್ತಾನೆ. ಅವಳಿ ನಗರದಲ್ಲಿ ಇನ್ನೊಂದು ಕಷ್ಟ ಇದೆ. ನಲ್ಲಿ ನೀರು ಅನೇಕ ಓಣಿಗಳಲ್ಲಿ ದಿನಾ ಬರುವುದಿಲ್ಲ. ಬಂದ ದಿನ ಮನೆಯಲ್ಲಿ ಇದ್ದವರೆಲ್ಲ ಏಳಬೇಕು. ನೀರು ಬರುವ ದಿನ ಮತ್ತು ನೈಟ್ ಒಟ್ಟಿಗೆ ಬಂದರೆ ಆ ದಿನದ ನೀರು ತುಂಬುವ ಕೆಲಸ ಯಾರದು ಅಂತ ಹಿಂದಿನ ದಿನವೇ ಮಾತಾಡಿಕೊಳ್ಳಿ. ಇದು ಸಣ್ಣ ವಿಷಯ ಅನಿಸಬಹುದು. ನಾನು ಕಂಡಂತೆ ನಮ್ಮ ಸಿಸ್ಟರ್‌ಗಳ ಹಗಲು ನಿದ್ದೆ ಕೆಡುವುದು ಇಂಥ ಸಣ್ಣ ವಿಷಯಗಳಿಂದಲೇ.

ಎರಡು ಸಲ ಮಲಗುವುದು ಇನ್ನೊಂದು ರೀತಿ. ಬೆಳಿಗ್ಗೆ ಒಂಬತ್ತರಿಂದ ಒಂದೂವರೆವರೆಗೆ, ಮತ್ತೆ ಸಂಜೆ ಐದರಿಂದ ಆರೂವರೆ. ಶಾಲೆಗೆ ಹೋಗುವ ಮಕ್ಕಳಿದ್ದ ಮನೆಗೆ ಇದು ಚಲೋ ಹೊಂದುತ್ತದೆ. ಮಕ್ಕಳು ಶಾಲೆಯಲ್ಲಿದ್ದಾಗ ಒಂದು ನಿದ್ದೆ, ಅವರು ಬಂದು ತಿಂದು ಆಟಕ್ಕೆ ಹೋದಾಗ ಇನ್ನೊಂದು. ಡ್ಯೂಟಿಗೆ ಹೊರಡುವ ಮೊದಲಿನ ಈ ಸಂಜೆ ನಿದ್ದೆ ಬೆಳಗಿನ ಜಾವದ ತೂಕಡಿಕೆಯನ್ನು ಬಹಳ ಕಡಿಮೆ ಮಾಡುತ್ತದೆ. ಒಟ್ಟು ತಾಸುಗಳು ಸಾಕಷ್ಟಾದರೆ ಎರಡು ತುಂಡಾಗಿದ್ದರೂ ಪರವಾಗಿಲ್ಲ. ಮೊದಲ ತುಂಡು ಮಾತ್ರ ನಾಲ್ಕು ತಾಸಿಗಿಂತ ಕಡಿಮೆ ಆಗಬಾರದು, ಮತ್ತು ದಿನಾ ಅದೇ ಹೊತ್ತಿಗೆ ಇರಬೇಕು. ಮೈಗೆ ಅದೇ ಲಂಗರು. ಇದರ ಅಪಾಯ ಏನೆಂದರೆ, ಸಂಜೆ ನಿದ್ದೆ ಇದೆಯಲ್ಲ ಅಂತ ಬೆಳಗಿನದನ್ನು ಮೊಟಕು ಮಾಡುತ್ತೇವೆ, ಸಂಜೆ ಯಾರೋ ಬಂದು ಅದೂ ಹೋಗುತ್ತದೆ.

ಬೆಳಿಗ್ಗೆ ಮನೆಕೆಲಸ ಎಲ್ಲ ಮುಗಿಸಿ ಮಧ್ಯಾಹ್ನ ಒಂದಕ್ಕೆ ಮಲಗಿ ಆರೂವರೆಗೆ ಎದ್ದು ಡ್ಯೂಟಿಗೆ ಹೋಗುವುದು ಮೂರನೆಯ ರೀತಿ. ಎದ್ದ ಕೂಡಲೇ ಕೆಲಸಕ್ಕೆ ಹೋಗುವುದರಿಂದ ರಾತ್ರಿ ಹುರುಪು ಇರುತ್ತದೆ. ಲೆಕ್ಕದ ಮೇಲೆ ಇದು ಒಳ್ಳೆಯದೇ. ಮಳೆಗಾಲದ ಧಾರವಾಡದಲ್ಲಿ, ಜಿಟಿಜಿಟಿ ಮಳೆ ಹಿಡಿದು ಹೊರಗೆ ಮಬ್ಬು ಇದ್ದಾಗ ನಿಜವಾಗಿಯೂ ನಡೆಯುತ್ತದೆ. ಆದರೆ ಬೆಳಗಿನ ನಾಲ್ಕು ತಾಸು "ಹೆಂಗೂ ಎದ್ದೀಯಲ್ಲ" ಅಂತ ಕೆಲಸದ ಮೇಲೆ ಕೆಲಸ ಬೀಳುವ ಮನೆಯಲ್ಲಿ ಇದನ್ನು ಆರಿಸಬೇಡಿ. ಹಿಂದಿನ ದಿನದಿಂದ ಎದ್ದೇ ಇರುವವರಿಗೆ ಇದು ದಣಿವಿನ ಮೇಲೆ ದಣಿವು.

ಕೊನೆಯ ನೈಟ್ ಮುಗಿದ ದಿನ ಮಾತ್ರ ಲೆಕ್ಕ ಬೇರೆ. ಅಂದು ಪೂರ್ತಿ ಹಗಲು ಮಲಗಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಬೆಳಿಗ್ಗೆ ಎರಡು ಮೂರು ತಾಸು ಮಲಗಿ, ಅಲಾರಂ ಇಟ್ಟು ಎದ್ದು, ಬಿಸಿಲಿಗೆ ಸ್ವಲ್ಪ ಹೊತ್ತು ಹೊರಗೆ ಹೋಗಿ. ಉಣಕಲ್ ಕೆರೆ ದಂಡೆಯಲ್ಲಿ ಸಂಜೆ ಒಂದು ಸುತ್ತು ಹಾಕಿ ಬಂದರೂ ಸಾಕು. ರಾತ್ರಿ ಒಂಬತ್ತಕ್ಕೆ ಮಲಗಿ.

ಕೋಣೆ ಕತ್ತಲು ಮಾಡಲು ಕಪ್ಪು ಪರದೆ ಕೊಳ್ಳಲೇಬೇಕು ಅಂತಿಲ್ಲ. ಕಿಟಕಿಗೆ ಹಳೆಯ ಕೌದಿ ಕಟ್ಟಿದರೆ ಬೆಳಕೂ ನಿಲ್ಲುತ್ತದೆ, ಸದ್ದೂ ಸ್ವಲ್ಪ ತಡೆಯುತ್ತದೆ. ಬಾಡಿಗೆ ಮನೆಯವರಿಗೂ ಹಾಸ್ಟೆಲ್‌ನವರಿಗೂ ಕಣ್ಣಿನ ಪಟ್ಟಿ ಒಳ್ಳೆಯದು, ಎಲ್ಲಿ ಹೋದರೂ ಜೊತೆಗೆ ಬರುತ್ತದೆ. ಸದ್ದಿಗೆ ಇಯರ್‌ಪ್ಲಗ್ ಮತ್ತು ಫ್ಯಾನ್ ಇವೆರಡರಲ್ಲಿ ನಾನು ಫ್ಯಾನ್ ಆರಿಸುತ್ತೇನೆ. ಒಂದೇ ಸಮ ಬರುವ ಸದ್ದು ಬೇರೆ ಸದ್ದನ್ನು ಮುಚ್ಚುತ್ತದೆ, ಮಗು ಅತ್ತರೆ ಕೇಳಿಸುತ್ತದೆ ಕೂಡ. ಹಾಸ್ಟೆಲ್‌ನಲ್ಲಿ ಇರುವವರು ಗೆಳತಿಯ ಜೊತೆ ರೂಮು ಹಂಚಿಕೊಳ್ಳುವುದಕ್ಕಿಂತ ನಿಮ್ಮ ಪಾಳಿಯವರ ಜೊತೆ ಹಂಚಿಕೊಳ್ಳಿ. ಗೆಳೆತನಕ್ಕೂ ಅದು ಒಳ್ಳೆಯದು.

ಪಕ್ಕದ ಮನೆಯವರು, ನೆಂಟರು "ಏನ್ರಿ ಸಿಸ್ಟರ್, ಇನ್ನೂ ಮಲಗೀರೇನು?" ಅನ್ನುತ್ತಾರೆ. ಹಗಲು ಮಲಗುವ ಹೆಣ್ಣುಮಗಳು ಅಂದರೆ ನಮ್ಮಲ್ಲಿ ಈಗಲೂ ಒಂದು ಥರ ನೋಡುತ್ತಾರೆ. ಇದನ್ನು ಗಂಡ, ಅತ್ತೆ, ಅವ್ವ ಯಾರಾದರೂ ಒಬ್ಬರು ನಿಮ್ಮ ಪರವಾಗಿ ಹೇಳಬೇಕು. "ಆಕಿ ರಾತ್ರಿಯೆಲ್ಲ ಪೇಷಂಟ್ ನೋಡ್ಯಾಳ, ಮೂರು ಗಂಟೆ ಮ್ಯಾಲ ಬರ್ರಿ" ಅಂತ ಅತ್ತೆಯೇ ಬಾಗಿಲಲ್ಲಿ ನಿಂತು ಹೇಳುವ ಮನೆಯ ಸಿಸ್ಟರ್ ನಮ್ಮ ವಾರ್ಡ್‌ನಲ್ಲಿದ್ದಾಳೆ. ಅವಳ ಬಿಪಿ ಇವತ್ತಿಗೂ ಚಲೋ ಇದೆ.

ಎಚ್ಚರ ಇರಲು: ಚಹಾ ಅಥವಾ ಸಣ್ಣ ನಿದ್ದೆ

ಚಹಾ ಬೇಡ ಅಂತ ಹೇಳುವವಳು ನಾನಲ್ಲ. ಆದರೆ ಕೆಫೀನ್‌ನ ಅರ್ಧ ಭಾಗ ಮೈಯಿಂದ ಇಳಿಯಲು ಸುಮಾರು ಐದು ತಾಸು ಬೇಕು. ಬೆಳಿಗ್ಗೆ ಐದಕ್ಕೆ ಕುಡಿದ ಸ್ಟ್ರಾಂಗ್ ಚಹಾ ನೀವು ಮಲಗುವಾಗಲೂ ರಕ್ತದಲ್ಲೇ ಇರುತ್ತದೆ. ಡ್ಯೂಟಿ ಶುರುವಿಗೆ ಒಂದು, ಹನ್ನೆರಡರ ಸುಮಾರಿಗೆ ಒಂದು, ಬೇಕಾದರೆ ಎರಡು ಗಂಟೆಗೆ ಅರ್ಧ ಕಪ್. ಆಮೇಲೆ ನೀರು.

ಇಪ್ಪತ್ತು ಮೂವತ್ತು ನಿಮಿಷದ ನಿದ್ದೆ ಚಹಾಕ್ಕಿಂತ ಗಟ್ಟಿ ಕೆಲಸ ಮಾಡುತ್ತದೆ. ಅರ್ಧ ತಾಸು ಮೀರಿದರೆ ಗಾಢ ನಿದ್ದೆಗೆ ಇಳಿಯುತ್ತೇವೆ, ಎಬ್ಬಿಸಿದರೆ ತಲೆ ಭಾರವಾಗಿ ಮಂಕು ಕವಿಯುತ್ತದೆ. ಆ ಮಂಕಿನಲ್ಲಿ ಡೋಸ್ ಲೆಕ್ಕ ಮಾಡಬಾರದು. ಎದ್ದ ಮೇಲೆ ಮುಖ ತೊಳೆದು, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಔಷಧಿಗೆ ಕೈ ಹಾಕಿ. ಮಲಗುವ ಮುಂಚೆ ಅರ್ಧ ಕಪ್ ಚಹಾ ಕುಡಿದರೆ ಏಳುವ ಹೊತ್ತಿಗೆ ಅದು ಕೆಲಸ ಶುರು ಮಾಡಿರುತ್ತದೆ. ಇದು ಹಲವರಿಗೆ ಹೊಂದುತ್ತದೆ.

ಆದರೆ ಎಲ್ಲ ಕಡೆ ಡ್ಯೂಟಿ ನಡುವೆ ಮಲಗಲು ಬಿಡುವುದಿಲ್ಲ. ಕ್ಯಾಜುವಾಲಿಟಿ, ಐಸಿಯು, ಲೇಬರ್ ವಾರ್ಡ್‌ನಲ್ಲಿ ಬಿಟ್ಟರೂ ಆಗುವುದಿಲ್ಲ. ಅಂಥವರು ಹೊರಡುವ ಮೊದಲು ಮನೆಯಲ್ಲೇ ಒಂದೂವರೆ ತಾಸು ಮಲಗಿ ಬರಬೇಕು, ಅದರಲ್ಲೂ ಮೊದಲ ನೈಟ್‌ಗೆ. ಅದು ಬಹಳ ಮಂದಿ ಬಿಟ್ಟುಬಿಡುವ ನಿದ್ದೆ. ಬೆಳಿಗ್ಗೆ ಆರಕ್ಕೆ ಎದ್ದು, ಇಡೀ ದಿನ ಮನೆಕೆಲಸ ಮಾಡಿ, ರಾತ್ರಿ ಎಂಟಕ್ಕೆ ಹ್ಯಾಂಡೋವರ್ ತೆಗೆದುಕೊಂಡರೆ, ಬೆಳಿಗ್ಗೆ ಎಂಟಕ್ಕೆ ನೀವು ಇಪ್ಪತ್ತಾರು ತಾಸು ಎದ್ದಿರುತ್ತೀರಿ.

ಮೂರರಿಂದ ಐದರ ನಡುವೆ ಕೊಡುವ ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ, ಇವುಗಳ ಲೆಕ್ಕವನ್ನು ಜೊತೆಯ ಸಿಸ್ಟರ್ ಅಥವಾ ಬ್ರದರ್ ಹತ್ತಿರ ಬಾಯಿಬಿಟ್ಟು ಹೇಳಿ ನೋಡಿಸಿ. ಎಷ್ಟು ಅನುಭವ ಇದ್ದರೂ ಇದನ್ನು ಬಿಡಬೇಡಿ.

ಊಟ: ಮನೆ ಡಬ್ಬಿ, ಕ್ಯಾಂಟೀನ್, ಉಪವಾಸ

ರಾತ್ರಿ ಮೈ ಸಕ್ಕರೆಯನ್ನು ಹಗಲಿನಷ್ಟು ಚೆನ್ನಾಗಿ ನಿಭಾಯಿಸುವುದಿಲ್ಲ. ಅದೇ ಅನ್ನ ಮಧ್ಯಾಹ್ನ ತಿಂದರೆ ಏರುವ ಶುಗರ್ ಬೇರೆ, ರಾತ್ರಿ ಎರಡಕ್ಕೆ ತಿಂದರೆ ಏರುವುದು ಬೇರೆ. 2021ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 19 ಮಂದಿಯನ್ನು ರಾತ್ರಿ ಪಾಳಿಯ ಹಾಗೆ ಎಚ್ಚರ ಇರಿಸಿದರು. ರಾತ್ರಿ ತಿಂದವರ ಶುಗರ್ ಏರಿತು, ಹಗಲು ಮಾತ್ರ ತಿಂದವರದು ಹಾಗೆ ಏರಲಿಲ್ಲ. ಸಣ್ಣ ಪ್ರಯೋಗ ಅದು, ಲ್ಯಾಬಿನೊಳಗೆ ನಡೆದದ್ದು. ನಮ್ಮ ಹಾಗೆ ರಾತ್ರಿಯೆಲ್ಲ ವಾರ್ಡ್ ಸುತ್ತುವವರು ಏನೂ ತಿನ್ನದೆ ಇರುವುದು ಕಷ್ಟ. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಂತೂ ಡಾಕ್ಟರನ್ನು ಕೇಳದೆ ಉಪವಾಸ ಮಾಡಲೇಬಾರದು.

ನಾನು ಹೇಳುವ ನಡುದಾರಿ ಇದು: ಹೊಟ್ಟೆ ತುಂಬ ಊಟ ಸಂಜೆ ಏಳಕ್ಕೆ ಮನೆಯಲ್ಲೇ. ಎರಡು ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಮೊಸರು, ಶೇಂಗಾ ಹಿಂಡಿ. ಅನ್ನಕ್ಕಿಂತ ರೊಟ್ಟಿ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಹನ್ನೊಂದೂವರೆ ಹನ್ನೆರಡಕ್ಕೆ ಡಬ್ಬಿಯಿಂದ ಹಗುರವಾಗಿ ಏನಾದರೂ, ಒಂದು ಹಣ್ಣು, ಮಜ್ಜಿಗೆ, ಒಂದು ಹಿಡಿ ಹುರಿದ ಶೇಂಗಾ, ಬೇಯಿಸಿದ ಮೊಟ್ಟೆ. ಆಮೇಲೆ ಬೆಳಿಗ್ಗೆವರೆಗೆ ದೊಡ್ಡ ಊಟ ಬೇಡ. ಮನೆಗೆ ಬಂದು ಸ್ವಲ್ಪ ಉಪ್ಪಿಟ್ಟೋ ಅವಲಕ್ಕಿಯೋ ತಿಂದು ಮಲಗಿ. ಹಸಿದು ಮಲಗಿದರೆ ಹನ್ನೆರಡಕ್ಕೆ ಎಚ್ಚರವಾಗುತ್ತದೆ, ಬಿಗಿಯಾಗಿ ತಿಂದು ಮಲಗಿದರೆ ಎದೆ ಉರಿಯುತ್ತದೆ.

ಗೇಟ್ ಹೊರಗಿನ ಮಿರ್ಚಿ ಮಂಡಕ್ಕಿ, ಗಿರ್ಮಿಟ್, ಎಗ್ ರೈಸ್ ನಿದ್ದೆಗಣ್ಣಿನಲ್ಲಿ ಬಹಳ ರುಚಿ. ನಿದ್ದೆ ಕೆಟ್ಟಾಗ ಎಣ್ಣೆ, ಸಿಹಿ ಬೇಕು ಅನಿಸುವುದು ಮೈಯ ಗುಣವೇ. ಲೇಬರ್ ವಾರ್ಡ್‌ನಲ್ಲಿ ಗಂಡೋ ಹೆಣ್ಣೋ ಹುಟ್ಟಿದ ಖುಷಿಗೆ ಪೇಡೆ ಡಬ್ಬಿ ಬಂದೇ ಬರುತ್ತದೆ. ಖುಷಿಯಿಂದ ಕೊಟ್ಟದ್ದನ್ನು ಬೇಡ ಅನ್ನಬೇಡಿ. ಒಂದು ತಿಂದು ಉಳಿದದ್ದನ್ನು ಬೆಳಗಿನ ಪಾಳಿಯವರಿಗೆ ಇಡಿ.

ನೀರಿನ ವಿಷಯ ಚುಟುಕಾಗಿ: ಟಾಯ್ಲೆಟ್ ದೂರ ಅಂತ, ಹೊಲಸು ಅಂತ ನೀರು ಕುಡಿಯದೆ ಇರುವ ಸಿಸ್ಟರ್‌ಗಳು ಬಹಳ. ಉರಿಮೂತ್ರ, ತಲೆನೋವು ಎರಡೂ ಬರುತ್ತವೆ. ಸ್ಟಾಫ್‌ಗೆ ಬೇರೆ ಟಾಯ್ಲೆಟ್ ಕೇಳುವುದು ನಿಮ್ಮ ಹಕ್ಕು.

ಮನೆ ಸೇರುವುದು: ಬಸ್, ರೈಲು ಅಥವಾ ಸ್ವಂತ ಸ್ಕೂಟಿ

ಹದಿನೇಳು ತಾಸು ಎದ್ದಿರುವವರ ಕೈ, ಕಣ್ಣಿನ ಚುರುಕು ರಕ್ತದಲ್ಲಿ 0.05 ಶೇಕಡಾ ಮದ್ಯ ಇದ್ದವರಷ್ಟೇ ಕುಗ್ಗಿರುತ್ತದೆ ಅಂತ 1997ರಲ್ಲೇ ತೋರಿಸಿದ್ದಾರೆ. ನಮ್ಮ ದೇಶದಲ್ಲಿ ಗಾಡಿ ಓಡಿಸಲು ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ 0.03 ಶೇಕಡಾ. ಇಪ್ಪತ್ತಾರು ತಾಸು ಎದ್ದು ಸ್ಕೂಟಿ ಹತ್ತುವವರು ಯಾವ ಸ್ಥಿತಿಯಲ್ಲಿ ಇರುತ್ತಾರೆ ಅಂತ ನೀವೇ ಯೋಚಿಸಿ.

ಹಾಗಾಗಿ ಈ ಹೋಲಿಕೆಯಲ್ಲಿ ನನಗೆ ಗೊಂದಲ ಇಲ್ಲ. ಹುಬ್ಬಳ್ಳಿ ಧಾರವಾಡದ ನಡುವೆ ಓಡಾಡುವವರಿಗೆ ಚಿಗರಿ ಬಸ್ ಇದೆ, ಅದಕ್ಕೆ ಅದರದೇ ದಾರಿ ಇದೆ. ಇಪ್ಪತ್ತು ಕಿಲೋಮೀಟರ್ ಸ್ಕೂಟಿ ಮೇಲೆ ಕಣ್ಣು ಮುಚ್ಚದೆ ಹೋಗುವ ಬದಲು ಕಿಟಕಿಗೆ ಒರಗಿ ಕೂರಬಹುದು. ಗದಗ, ಹಾವೇರಿ ಕಡೆಯವರಿಗೆ ರೈಲು, ಸಾರಿಗೆ ಬಸ್ ಇವೆ. ಸಾಮಾನ್ಯ ಸಾರಿಗೆ ಬಸ್‌ಗಳಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡೂ ಇಲ್ಲ. ಇಳಿಯುವ ಸ್ಟಾಪಿಗೆ ಹತ್ತು ನಿಮಿಷ ಮುಂಚೆ ಫೋನಿನಲ್ಲಿ ಅಲಾರಂ ಇಡಿ. ಬಸ್ ಇಲ್ಲದ ಹೊತ್ತು ಅಂತ ಸ್ಕೂಟಿಯೇ ಗತಿ ಆದರೆ, ಹೊರಡುವ ಮುಂಚೆ ಸ್ಟಾಫ್ ರೂಮಿನಲ್ಲಿ ಇಪ್ಪತ್ತು ನಿಮಿಷ ಮಲಗಿ, ಮುಖ ತೊಳೆದು ಹೊರಡಿ. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ನಿದ್ದೆ ಹಾರುತ್ತದೆ ಅಂತ ಕೂಲಿಂಗ್ ಗ್ಲಾಸ್ ಹಾಕಿಕೊಳ್ಳುವ ಸಲಹೆ ಕೇಳಿರಬಹುದು. ಬಸ್ಸಿನಲ್ಲಿ ಕೂತವರಿಗೆ ಅದು ಸರಿ. ಗಾಡಿ ಓಡಿಸುವವರಿಗೆ ಆ ಬೆಳಕು ಬೇಕು, ಅವರು ಹಾಕಬಾರದು.

ಮಾತ್ರೆ

ಔಷಧಿ ಟ್ರಾಲಿ ನಮ್ಮ ಕೈಯಲ್ಲೇ ಇರುತ್ತದೆ, ಅದೇ ಅಪಾಯ. ಆಲ್ಪ್ರಜೋಲಂ ಅರ್ಧ ಮಾತ್ರೆ ನುಂಗಿ ಮಲಗುವುದು ಕೆಲವು ಕಡೆ ಮಾಮೂಲಿ ಆಗಿದೆ. ಅದು ನಿದ್ದೆ ಬರಿಸುತ್ತದೆ, ಗಡಿಯಾರ ತಿರುಗಿಸುವುದಿಲ್ಲ. ಕೆಲವೇ ವಾರದಲ್ಲಿ ಅದಿಲ್ಲದೆ ನಿದ್ದೆ ಬರುವುದಿಲ್ಲ, ಮುಂದಿನ ಡ್ಯೂಟಿಯಲ್ಲೂ ಮಂಕು ಉಳಿಯುತ್ತದೆ. ಮೆಲಟೋನಿನ್ ಅಷ್ಟು ಅಪಾಯದ್ದಲ್ಲ, ಹಗಲು ನಿದ್ದೆಯನ್ನು ಕೆಲವರಿಗೆ ಸ್ವಲ್ಪ ಉದ್ದ ಮಾಡುತ್ತದೆ. ಆದರೆ ಕತ್ತಲ ಕೋಣೆ ಇಲ್ಲದೆ ಅದು ಹೆಚ್ಚೇನೂ ಮಾಡಲಾರದು. ಬಸುರಿಯರು, ಬೇರೆ ಔಷಧಿ ಮೇಲೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಮೊದಲು ಕೋಣೆ, ಆಮೇಲೆ ಹೊತ್ತು, ಎರಡೂ ಸರಿ ಮಾಡಿ ನೋಡಿದ ಮೇಲೆ ಮಾತ್ರೆಯ ಮಾತು.

ಎರಡು ಮೂರು ತಿಂಗಳಾದರೂ ನಿದ್ದೆ ಸರಿಯಾಗದಿದ್ದರೆ, ಅಥವಾ ಯಾವುದರಲ್ಲೂ ಮನಸ್ಸು ಇಲ್ಲ, ಅಳು ಬರುತ್ತದೆ ಅನ್ನುವಂತಾದರೆ ಕಾಯಬೇಡಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮ್ಮ ಹತ್ತಿರವೇ ಇದೆ. ಫೋನಿನಲ್ಲೇ ಮಾತಾಡಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ರಾತ್ರಿ ಹಗಲು ತೆರೆದಿರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಪೇಷಂಟ್‌ಗೆ ಹೇಳುವ ಈ ಮಾತನ್ನು ನಾವು ನಮಗೇ ಹೇಳಿಕೊಳ್ಳುವುದಿಲ್ಲ. ಅದು ನನಗೆ ಬಹಳ ನೋವಿನ ವಿಷಯ.

ವರ್ಷಕ್ಕೊಮ್ಮೆ ಬಿಪಿ, ಶುಗರ್, ಕೊಲೆಸ್ಟ್ರಾಲ್, ವಿಟಮಿನ್ ಡಿ ನೋಡಿಸಿ. 30 ದಾಟಿದವರಿಗೆ ಬಿಪಿ, ಶುಗರ್ ಜೊತೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ.

ನೈಟ್ ಬಿಡುವುದು

ಕೆಲವರಿಗೆ ಮೇಲಿನ ಯಾವ ಆಯ್ಕೆಯೂ ಸಾಲದು. ಮೂರ್ಛೆರೋಗ ಇರುವವರಿಗೆ ನಿದ್ದೆಗೇಡು ನೇರವಾಗಿ ಫಿಟ್ಸ್ ತರಬಹುದು. ಇನ್ಸುಲಿನ್ ಮೇಲೆ ಇರುವವರು, ಗೊರಕೆ ಜೊತೆ ಉಸಿರು ಕಟ್ಟುವ ತೊಂದರೆ ಇರುವವರು, ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವವರು ನೈಟ್ ಬಿಡುವ ಬಗ್ಗೆ ಡಾಕ್ಟರ್ ಜೊತೆ ಗಟ್ಟಿಯಾಗಿ ಮಾತಾಡಬೇಕು. ಬಸುರಿಯರ ವಿಷಯದಲ್ಲಿ ಡೆನ್ಮಾರ್ಕ್‌ನಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2019ರಲ್ಲಿ ಬಂತು. ವಾರದಲ್ಲಿ ಎರಡು ಅಥವಾ ಹೆಚ್ಚು ನೈಟ್ ಮಾಡಿದವರಲ್ಲಿ, ಎಂಟನೇ ವಾರದ ನಂತರ, ಮುಂದಿನ ವಾರ ಗರ್ಭಪಾತದ ಸಾಧ್ಯತೆ ಸುಮಾರು ಮೂರನೇ ಒಂದರಷ್ಟು ಹೆಚ್ಚು ಕಂಡಿತು. ನನ್ನ ವಾರ್ಡ್‌ನಲ್ಲಿ ಬಸುರಿ ಅಂತ ಗೊತ್ತಾದ ದಿನದಿಂದ ನೈಟ್ ಹಾಕುವುದಿಲ್ಲ. ಇದಕ್ಕೆ ಉಳಿದವರು ಒಂದೊಂದು ನೈಟ್ ಹೆಚ್ಚು ಮಾಡಬೇಕಾಗುತ್ತದೆ. ಇಲ್ಲಿತನಕ ಯಾರೂ ಗೊಣಗಿಲ್ಲ.

ನೈಟ್ ಬಿಟ್ಟರೆ ಎಲ್ಲಿಗೆ? ಓಪಿಡಿ, ಲಸಿಕೆ ವಿಭಾಗ, ಹಗಲು ನಡೆಯುವ ಡಯಾಲಿಸಿಸ್, ನರ್ಸಿಂಗ್ ಶಾಲೆಯ ಟ್ಯೂಟರ್ ಕೆಲಸ, ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯಾಧಿಕಾರಿ ಹುದ್ದೆ. ಖಾಸಗಿ ಆಸ್ಪತ್ರೆಯಲ್ಲಿ ನೈಟ್ ಭತ್ಯೆ ಹೋಗುತ್ತದೆ. ಓಪಿಡಿ ಸೀಟು ಸೀನಿಯರ್‌ಗಳಿಗೆ ಮೀಸಲು ಅನ್ನುವ ಮಾತೂ ಬರುತ್ತದೆ. ಪಿಎಚ್‌ಸಿ, ಹಳ್ಳಿ ಕೆಲಸದಲ್ಲಿ ನೈಟ್ ಕಡಿಮೆ, ಓಡಾಟ ಜಾಸ್ತಿ. ಮೈ ಕೆಟ್ಟ ಮೇಲೆ ಬಿಡುವುದಕ್ಕಿಂತ ಒಂದಾರು ತಿಂಗಳು ನೈಟ್‌ನಿಂದ ವಿನಾಯಿತಿ ಕೇಳುವುದನ್ನೇ ನಾನು ಮೊದಲ ಆಯ್ಕೆ ಅನ್ನುತ್ತೇನೆ. ಕೆಲಸವೂ ಉಳಿಯುತ್ತದೆ, ಹಿರಿತನವೂ ಉಳಿಯುತ್ತದೆ.

ವಿನಾಯಿತಿಯನ್ನು ಬಾಯಿಮಾತಿನಲ್ಲಿ ಕೇಳಬೇಡಿ. ನರ್ಸಿಂಗ್ ಸೂಪರಿಂಟೆಂಡೆಂಟ್ ಹೆಸರಿಗೆ ಒಂದು ಪುಟದ ಅರ್ಜಿ ಬರೆಯಿರಿ. ಯಾವ ತೊಂದರೆ, ಯಾವ ಡಾಕ್ಟರ್ ಏನು ಸಲಹೆ ಕೊಟ್ಟಿದ್ದಾರೆ, ಎಷ್ಟು ತಿಂಗಳಿಗೆ ವಿನಾಯಿತಿ ಬೇಕು, ಅದರ ಬದಲು ಯಾವ ಡ್ಯೂಟಿ ಮಾಡಲು ತಯಾರಿದ್ದೀರಿ, ಇಷ್ಟು ಸಾಕು. ಡಾಕ್ಟರ್ ಸರ್ಟಿಫಿಕೇಟ್‌ನ ಜೆರಾಕ್ಸ್ ಲಗತ್ತಿಸಿ. ಒಂದು ಪ್ರತಿಯ ಮೇಲೆ ಸ್ವೀಕರಿಸಿದ ತಾರೀಕು, ಸೀಲು ಹಾಕಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಮುಂದಿನ ತಿಂಗಳ ರೋಸ್ಟರ್ ಬರೆಯುವ ಒಂದು ವಾರ ಮುಂಚೆಯೇ ಅದು ಸೂಪರಿಂಟೆಂಡೆಂಟ್ ಕೈ ಸೇರಿರಲಿ.